ಕುರಿಗಾಹಿ ತಳಿಯ ನಾಯಿ: ಚಂದಕ್ಕಿಂತ ಮೊದಲು ಕಸುಬು ನೋಡಿ

ಬಾರ್ಡರ್ ಕಾಲಿಯೋ ಜರ್ಮನ್ ಶೆಫರ್ಡೋ, ಇಲ್ಲ ಗಿಡ್ಡಗಾಲಿನ ಕಾರ್ಗಿಯೇ ಸಾಕೋ ಎಂದು ಕೇಳುವವರ ಫೋನಿನಲ್ಲಿ ಆಗಲೇ ನಾಲ್ಕಾರು ಮರಿಗಳ ಫೋಟೊ ಇರುತ್ತವೆ. ಫೋಟೊದಲ್ಲಿ ಕಾಣುವುದು ಕೂದಲು, ಕಿವಿ, ಕಣ್ಣಿನ ಬಣ್ಣ. ಮನೆಗೆ ಬಂದ ಮೇಲೆ ಹನ್ನೆರಡು ಹದಿಮೂರು ವರ್ಷ ಬಾಳಬೇಕಾದದ್ದು ಅದರ ಕಸುಬಿನ ಜೊತೆ. ಕುರಿ ಇಲ್ಲದ ಮನೆಯಲ್ಲೂ ಆ ಕಸುಬು ಸುಮ್ಮನೆ ಕೂರುವುದಿಲ್ಲ. ಓಡುವ ಮಕ್ಕಳನ್ನೋ, ಸ್ಕೂಟರನ್ನೋ, ಗೋಡೆ ಮೇಲಿನ ಬಿಸಿಲಕೋಲನ್ನೋ ಕುರಿ ಮಾಡಿಕೊಳ್ಳುತ್ತದೆ.

ತೋಳದ ಬೇಟೆಗೆ ಒಂದು ಕ್ರಮವಿದೆ: ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು. ಕುರಿಗಾಹಿ ತಳಿಗಳನ್ನು ಬೆಳೆಸಿದವರು ಕೊನೆಯ ಮೆಟ್ಟಿಲನ್ನು ಅದುಮಿ, ಉಳಿದವುಗಳಲ್ಲಿ ತಮಗೆ ಬೇಕಾದದ್ದನ್ನು ಉಬ್ಬಿಸಿದರು. ಬಾರ್ಡರ್ ಕಾಲಿಗೆ ಕಣ್ಣು, ಶೆಲ್ಟಿ ಎಂದು ಕರೆಯುವ ಶೆಟ್ಲೆಂಡ್ ಶೀಪ್‌ಡಾಗ್‌ಗೆ ಗಂಟಲು, ಕಾರ್ಗಿಗೆ ಹಿಮ್ಮಡಿಗೆ ಬಾಯಿ ಹಾಕುವ ಚಾಳಿ, ಜರ್ಮನ್ ಶೆಫರ್ಡ್‌ಗೆ ಗಡಿ ಸುತ್ತುವ ಕಾಲು. ಇದರಲ್ಲಿ ಯಾವುದನ್ನು ದಿನವೂ ಸಹಿಸಿಕೊಂಡು ನಗುನಗುತ್ತ ಇರಬಲ್ಲಿರಿ ಎಂದು ಕೇಳಿಕೊಂಡರೆ ಅರ್ಧ ಆಯ್ಕೆ ಮುಗಿದಂತೆ.

ಮೊದಲೇ ಒಂದು ಗೊಂದಲ ಬಿಡಿಸಿಕೊಳ್ಳೋಣ. ಕುರಿಯನ್ನು ಅಟ್ಟುವ ನಾಯಿ ಬೇರೆ, ಕಾಯುವ ನಾಯಿ ಬೇರೆ. ನಮ್ಮ ಬಯಲುಸೀಮೆಯಲ್ಲಿ ಮಂದೆಯನ್ನು ತಿರುಗಿಸುವುದು ಕುರುಬರ ಸಿಳ್ಳೆ, ಕೂಗು, ಕೋಲು. ಜೊತೆಗಿರುವ ನಾಯಿಯ ಕೆಲಸ ರಾತ್ರಿ ಹಟ್ಟಿಯ ಸುತ್ತ ತೋಳದ ವಾಸನೆ ಹಿಡಿದು ಬೊಗಳುವುದು. ಟರ್ಕಿಯ ಕಂಗಾಲ್, ಕಾಕೇಶಿಯನ್ ಶೆಫರ್ಡ್ ಇವೂ ಕಾವಲಿನವೇ. ಹೆಸರಲ್ಲಿ ಶೆಫರ್ಡ್ ಇದೆ ಎಂದು ಮನೆಗೆ ತಂದರೆ ಐವತ್ತು ಕೆ.ಜಿ. ಮೀರುವ, ತನ್ನ ತೀರ್ಮಾನ ತಾನೇ ತೆಗೆದುಕೊಳ್ಳುವ ಪ್ರಾಣಿಯೊಂದು ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ನಿಂತಿರುತ್ತದೆ. ನಮ್ಮ ಮುಧೋಳ ನಾಯಿ ಕಣ್ಣಿಗೆ ಕಂಡದ್ದನ್ನು ಓಡಿ ಹಿಡಿಯುವ ಬೇಟೆಯ ತಳಿ, ಕುರಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಇವು ಯಾವುವೂ ಇಲ್ಲಿನ ಹೋಲಿಕೆಯಲ್ಲಿ ಬರುವುದಿಲ್ಲ.

ಅಳೆಯುವುದು ಯಾವುದರಿಂದ

ಸಮಯ ಎಂದರೆ ಎಲ್ಲರೂ ವಾಕಿಂಗ್ ಲೆಕ್ಕ ಹೇಳುತ್ತಾರೆ. ಅದು ಅರ್ಧ ಲೆಕ್ಕ. ಈ ತಳಿಗಳು ಮನುಷ್ಯನ ಮುಖ ನೋಡಿ ಕೆಲಸ ಮಾಡಲು ಹುಟ್ಟಿದವು, ಇವಕ್ಕೆ ಕಾಲಿನ ದಣಿವಿಗಿಂತ ತಲೆಯ ದಣಿವು ಮುಖ್ಯ. ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ ಸಂಜೆ ಏಳಕ್ಕೆ ತೆಗೆಯುವ ಮನೆಗೆ ಇಲ್ಲಿನ ಯಾವ ತಳಿಯೂ ಹೊಂದುವುದಿಲ್ಲ.

ಎರಡನೆಯದು ಹವೆ. ಬಹುತೇಕ ಕುರಿಗಾಹಿ ತಳಿಗಳಿಗೆ ಎರಡು ಪದರದ ಕೂದಲು: ಮೇಲೆ ಒರಟು, ಒಳಗೆ ಹತ್ತಿಯಂಥದ್ದು. ನಾಯಿ ಬೆವರಿ ತಣ್ಣಗಾಗುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟು ತಣ್ಣಗಾಗುತ್ತದೆ. ಗಾಳಿಯಲ್ಲೇ ನೀರು ತುಂಬಿರುವ ಮಂಗಳೂರು, ಕಾರವಾರದಲ್ಲಿ ಆ ಏದುಸಿರು ಹೆಚ್ಚು ಕೆಲಸಕ್ಕೆ ಬರುವುದಿಲ್ಲ. 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬೆಳಿಗ್ಗೆ ಏಳರಿಂದ ಸಂಜೆ ಆರೂವರೆವರೆಗೆ ಓಡಾಟವೇ ಇಲ್ಲ. ಬೆಂಗಳೂರು, ಮೈಸೂರು, ಮಡಿಕೇರಿಗಳಲ್ಲಿ ವರ್ಷದ ಬಹುಭಾಗ ಸಲೀಸು. ಸೆಕೆಗೆಂದು ಈ ಕೂದಲನ್ನು ಬೋಳಿಸಬೇಡಿ. ಬಿಸಿಲು ನೇರ ಚರ್ಮಕ್ಕೆ ತಾಗುತ್ತದೆ, ಮರಳಿ ಬೆಳೆಯುವಾಗ ಒಳಪದರ ಮುಂದೆ ಬಂದು ಮೇಲಿನದು ಚದುರುತ್ತದೆ. ಒಳಪದರವನ್ನು ಹಲ್ಲು ಅಗಲವಿರುವ ಬಾಚಣಿಗೆಯಿಂದ ತೆಗೆಯಬೇಕು, ಗಾಳಿ ಆಡುವುದು ಆಗ.

ಮೂರನೆಯದು ಸದ್ದು, ನಾಲ್ಕನೆಯದು ಮನೆಯಲ್ಲಿ ಓಡುವ ಮಕ್ಕಳು ಮತ್ತು ಗೇಟಿನಾಚೆ ಓಡುವ ಗಾಡಿಗಳು. ಐದನೆಯದು ತಿಂಗಳ ಖರ್ಚು. ಆರನೆಯದೊಂದಿದೆ, ಮಾರುವವರು ಬಾಯಿಬಿಡದ್ದು: ಒಂದು ಜೀನಿನ ದೋಷ. ಅದಕ್ಕೆ ಕೆಳಗೆ ಬೇರೆಯೇ ಜಾಗ ಕೊಟ್ಟಿದೆ.

ಬಾರ್ಡರ್ ಕಾಲಿ

ಇಂಗ್ಲೆಂಡ್ ಸ್ಕಾಟ್ಲೆಂಡ್ ಗಡಿಸೀಮೆಯ ನಾಯಿ. 1893ರಲ್ಲಿ ನಾರ್ಥಂಬರ್ಲೆಂಡ್‌ನಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ಗಂಡುನಾಯಿಯನ್ನು ಈ ತಳಿಯ ಮೂಲಪುರುಷ ಎನ್ನುತ್ತಾರೆ. ಬೊಗಳದೆ, ಕಚ್ಚದೆ, ತಲೆ ತಗ್ಗಿಸಿ ದಿಟ್ಟಿಸಿಯೇ ಕುರಿಗಳನ್ನು ಸರಿಸುವ ಗುಣ ಅದರಿಂದ ಇಳಿದು ಬಂತು. ತೂಕ 14ರಿಂದ 20 ಕೆ.ಜಿ., ಹದವಾದ ಗಾತ್ರ. ಬುದ್ಧಿಯ ಮಾತು ಬಂದರೆ, ಅಮೆರಿಕದಲ್ಲಿ ಚೇಸರ್ ಎಂಬ ಬಾರ್ಡರ್ ಕಾಲಿ 1022 ಆಟದ ಸಾಮಾನುಗಳನ್ನು ಹೆಸರಿನಿಂದ ಗುರುತಿಸುತ್ತಿತ್ತು. ಜನ ಮರುಳಾಗುವುದು ಇಲ್ಲೇ. ಬುದ್ಧಿವಂತ ನಾಯಿ ಎಂದರೆ ಸುಲಭದ ನಾಯಿ ಎಂದುಕೊಳ್ಳುತ್ತಾರೆ. ಕೆಲಸ ಕೊಡದಿದ್ದರೆ ಆ ಬುದ್ಧಿ ತಾನೇ ಕೆಲಸ ಹುಡುಕಿಕೊಳ್ಳುತ್ತದೆ.

ಮೂರನೇ ಮಹಡಿಯ ಬಾಲ್ಕನಿಯಲ್ಲಿ ಬಿಟ್ಟ ಎಂಟು ತಿಂಗಳ ಬಾರ್ಡರ್ ಕಾಲಿಯನ್ನು ಹತ್ತು ನಿಮಿಷ ಗಮನಿಸಿ. ಮೂತಿ ಕಂಬಿಗಳ ನಡುವೆ, ಮುಂಗಾಲೊಂದು ಎತ್ತಿದ್ದು ಎತ್ತಿದಂತೆ, ಬಾಲ ಕೆಳಗೆ. ಕೆಳಗಿನ ರಸ್ತೆಯಲ್ಲಿ ಆಟೊ ಎಡದಿಂದ ಬಂದರೆ ತಲೆ ಎಡದಿಂದ ಬಲಕ್ಕೆ, ಬೈಕ್ ಬಲದಿಂದ ಬಂದರೆ ಬಲದಿಂದ ಎಡಕ್ಕೆ. ಕಣ್ಣು ಮಿಟುಕಿಸುವುದಿಲ್ಲ. ಹೆಸರು ಹಿಡಿದು ಕರೆದರೆ ಕಿವಿ ತುಸು ಅಲುಗುತ್ತದೆ, ತಲೆ ತಿರುಗುವುದಿಲ್ಲ. ಮನೆಯವರು 'ಪಾಪ, ಟ್ರಾಫಿಕ್ ನೋಡ್ತಾ ಕೂತಿರುತ್ತೆ, ತೊಂದರೇನೇ ಇಲ್ಲ' ಎನ್ನುತ್ತಾರೆ. ಅದು ದಿನಕ್ಕೆ ಆರು ಗಂಟೆ ಗಾಡಿ ಅಟ್ಟುವ ಅಭ್ಯಾಸ ಮಾಡುತ್ತಿರುತ್ತದೆ. ಒಂದು ದಿನ ಬೀದಿಯಲ್ಲಿ ಬೆಲ್ಟು ಕೈತಪ್ಪಿದಾಗ ಅದು ಚಕ್ರದ ಮುಂದೆ ಹೋಗಿ ಅಡ್ಡ ನಿಲ್ಲುತ್ತದೆ, ಏಕೆಂದರೆ ಮಂದೆಯನ್ನು ತಡೆಯುವ ರೀತಿಯೇ ಅದು. ಲೇಸರ್ ದೀಪದ ಆಟ ಆಡಿಸಿದವರ ಮನೆಯಲ್ಲಿ ಇದೇ ಚಟ ನೆರಳು, ಬೆಳಕಿನ ಚುಕ್ಕಿಗಳ ಮೇಲೆ ಹೋಗುತ್ತದೆ. ಬಿಡಿಸುವುದು ಬಲು ಕಷ್ಟ.

ಹಾಗಾದರೆ ಏನು ಮಾಡಬೇಕು? ದಿನಕ್ಕೆ ಒಂದರಿಂದ ಒಂದೂವರೆ ಗಂಟೆ ಓಡಾಟ, ಅದರ ಜೊತೆ ಹತ್ತು ಹತ್ತು ನಿಮಿಷದ ಮೂರು ಪಾಠ: ಅಡಗಿಸಿಟ್ಟ ತಿಂಡಿ ಮೂಗಿನಿಂದ ಹುಡುಕುವುದು, ಸಾಮಾನಿನ ಹೆಸರು ಕಲಿಯುವುದು, ಚಾಪೆ ಮೇಲೆ ಹೋಗಿ ಸುಮ್ಮನೆ ಮಲಗುವುದು. ಮೂರನೆಯದು ಉಳಿದೆರಡಕ್ಕಿಂತ ಮುಖ್ಯ. ಸುಮ್ಮನಿರುವುದನ್ನು ಈ ನಾಯಿಗೆ ಕಲಿಸಬೇಕು, ತಾನಾಗಿ ಬರುವುದಿಲ್ಲ. ಗಂಟೆಗಟ್ಟಲೆ ಚೆಂಡು ಎಸೆದರೆ ದಣಿಯುತ್ತದೆ ಎಂಬುದು ತಪ್ಪು ಲೆಕ್ಕ. ಇನ್ನೂ ಗಟ್ಟಿಮುಟ್ಟಾದ, ಚೆಂಡಿನ ಹುಚ್ಚು ಹಿಡಿದ ನಾಯಿ ತಯಾರಾಗುತ್ತದೆ, ಅಷ್ಟೇ.

ಮೂರ್ಛೆರೋಗ ಈ ತಳಿಯಲ್ಲಿ ಇದೆ. ಅಪ್ಪ, ಅಮ್ಮ, ಒಡಹುಟ್ಟಿದ ಮರಿಗಳಲ್ಲಿ ಫಿಟ್ಸ್ ಬಂದಿತ್ತೇ ಎಂದು ಕೇಳಿ. ಬಂದಿದ್ದರೆ ಉಣ್ಣಿಗೆ ಕೊಡುವ ಫ್ಲುರಲಾನರ್, ಅಫಾಕ್ಸೊಲಾನರ್ ಜಾತಿಯ ಮಾತ್ರೆಗೆ ಮುಂಚೆ ವೈದ್ಯರಿಗೆ ಹೇಳಲೇಬೇಕು, ಅವು ಫಿಟ್ಸ್ ಕೆದಕಬಲ್ಲವು. ಸದ್ದಿಗೆ ಹೆದರುವ ಪ್ರವೃತ್ತಿಯೂ ಹೆಚ್ಚು, ದೀಪಾವಳಿಯ ಮೂರು ದಿನ ಒಳಕೋಣೆಯೇ ಗತಿ.

ಮನೆಯಿಂದ ಕೆಲಸ ಮಾಡುವ, ನಾಯಿಗೆ ಕಲಿಸುವುದನ್ನೇ ಹವ್ಯಾಸ ಮಾಡಿಕೊಳ್ಳುವ ಒಬ್ಬರಿಗೆ ಇದಕ್ಕಿಂತ ಒಳ್ಳೆಯ ಸಂಗಾತಿ ಸಿಗುವುದಿಲ್ಲ. ತೋಟದ ಮನೆಯವರಿಗೂ ಆಗುತ್ತದೆ, ಆದರೆ ಬೇಲಿ ಬೇಕು. ಮಲೆನಾಡಿನ ಅಂಚಿನಲ್ಲಾದರೆ ಕತ್ತಲಾಗುವ ಮೊದಲು ಒಳಗೆ ಕೂಡಬೇಕು, ಚಿರತೆಗೆ ನಾಯಿಯೆಂದರೆ ಸುಲಭದ ಊಟ.

ಜರ್ಮನ್ ಶೆಫರ್ಡ್

ನಮ್ಮ ಹಿರಿಯರು ಅಲ್ಸೇಷಿಯನ್ ಎನ್ನುತ್ತಿದ್ದ ನಾಯಿ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಮಾಜಿ ಸೇನಾಧಿಕಾರಿ ತಳಿಸಂಘ ಕಟ್ಟಿ, ಹೊರಾಂಡ್ ಎಂಬ ನಾಯಿಯನ್ನು ಮೊದಲನೆಯದಾಗಿ ದಾಖಲಿಸಿದರು. ಜರ್ಮನಿಯಲ್ಲಿ ಬೇಲಿಯಿಲ್ಲದ ಬೆಳೆಯ ಪಕ್ಕ ಕುರಿ ಮೇಯಿಸುವಾಗ, ಮಂದೆ ಬೆಳೆಗೆ ನುಗ್ಗದಂತೆ ಅಂಚಿನುದ್ದಕ್ಕೂ ಹಿಂದೆಮುಂದೆ ಓಡಾಡುವ ಜೀವಂತ ಬೇಲಿ ಇದು. ಮನೆಗೆ ತಂದರೆ ಕಾಂಪೌಂಡಿನ ಒಳಸುತ್ತ ಒಂದೇ ಜಾಡಿನಲ್ಲಿ ತಿರುಗಿ ಹುಲ್ಲು ಸವೆಸುವುದು ಆ ಕಸುಬಿನ ಮುಂದುವರಿಕೆ. ಬಾರ್ಡರ್ ಕಾಲಿಯಷ್ಟು ತಳಮಳವಿಲ್ಲ, ಮನೆಯವರ ಪಕ್ಕ ಮಲಗಿ ಗೇಟಿನ ಮೇಲೊಂದು ಕಣ್ಣಿಟ್ಟರೆ ಅದಕ್ಕೆ ತೃಪ್ತಿ. ಗಂಡು 30ರಿಂದ 40 ಕೆ.ಜಿ., ಹೆಣ್ಣು 22ರಿಂದ 32.

ನಮ್ಮಲ್ಲಿ ಮಾರುವವರ ಭಾಷೆ ಅರ್ಥಮಾಡಿಕೊಳ್ಳಿ. 'ಡಬಲ್ ಕೋಟ್ ಸಾರ್, ಸ್ವಲ್ಪ ಜಾಸ್ತಿ ಆಗುತ್ತೆ' ಎಂದರೆ ಅವರು ಹೇಳುತ್ತಿರುವುದು ಉದ್ದ ಕೂದಲು ಎಂದು. ಎರಡು ಪದರ ಎಲ್ಲ ಜರ್ಮನ್ ಶೆಫರ್ಡ್‌ಗೂ ಇರುವುದೇ. 'ಡಬಲ್ ಬೋನ್' ಎಂಬುದು ಯಾವ ತಳಿಪುಸ್ತಕದಲ್ಲೂ ಇಲ್ಲ. ದಪ್ಪ ಕಾಲಿನ, ಬೇಗ ತೂಕ ಏರಿದ ಮರಿ ಎಂದರೆ ಸೊಂಟದ ಕೀಲಿಗೆ ಕಾದಿರುವ ತೊಂದರೆ ಎಂದೇ ಓದಿಕೊಳ್ಳಿ. ಬೆನ್ನು ಹಿಂದಕ್ಕೆ ವಿಪರೀತ ಇಳಿಜಾರಾಗಿ, ಹಿಂಗಾಲು ಬಾಗಿಸಿ ನಡೆಯುವ ಪ್ರದರ್ಶನದ ವಂಶಕ್ಕಿಂತ ನೆಟ್ಟಗಿನ ಬೆನ್ನಿನದು ವಾಸಿ. ತಂದೆತಾಯಿಯ ಸೊಂಟದ ಎಕ್ಸ್‌ರೇ ಕೇಳಿ. ಕೊಡುವವರು ವಿರಳ, ಆದರೂ ಕೇಳಿದಾಗ ಸಿಗುವ ಉತ್ತರದಲ್ಲೇ ಬಹಳಷ್ಟು ತಿಳಿಯುತ್ತದೆ.

ನಮ್ಮ ಮನೆಗಳಲ್ಲಿ ಆಗುವ ಇನ್ನೊಂದು ತಪ್ಪು ಕ್ಯಾಲ್ಸಿಯಂ ಸಿರಪ್. ಕಿವಿ ನಿಲ್ಲಲಿ, ಮೂಳೆ ಬಲಿಯಲಿ ಎಂದು ಮೂರು ತಿಂಗಳ ಮರಿಗೆ ದಿನಕ್ಕೆರಡು ಚಮಚ ಕುಡಿಸುತ್ತಾರೆ. ದೊಡ್ಡ ತಳಿಯ ಮರಿಗಳ ಸಿದ್ಧ ಆಹಾರದಲ್ಲಿ ಕ್ಯಾಲ್ಸಿಯಂ ಅಳೆದೇ ಹಾಕಿರುತ್ತಾರೆ. ಆ ವಯಸ್ಸಿನ ಮರಿಯ ಕರುಳಿಗೆ ಹೆಚ್ಚಾದದ್ದನ್ನು ಒಳಬಿಡದೆ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಹೆಚ್ಚಿದ್ದೆಲ್ಲ ಮೂಳೆಯ ಬೆಳವಣಿಗೆ ಕೆಡಿಸುತ್ತದೆ. ಇದಕ್ಕೆ ವಿರುದ್ಧ ತಪ್ಪೂ ಇದೆ: ಬರೀ ಹಾಲನ್ನ, ಮೊಸರನ್ನದ ಮೇಲೆ ಬೆಳೆಸಿದರೆ ಪ್ರೋಟೀನೂ ಸಾಲದು, ಖನಿಜವೂ ಸಾಲದು. ಮನೆಯ ಅಡುಗೆಯೇ ಹಾಕುವುದಾದರೆ ವೈದ್ಯರಿಂದ ಅಳತೆ ಬರೆಸಿಕೊಳ್ಳಿ.

ಎರಡು ಕಾಯಿಲೆಗಳ ಗುರುತು ತಿಳಿದಿರಲಿ. ಹೊಟ್ಟೆಬಾಕನಂತೆ ತಿಂದೂ ಸೊರಗುತ್ತ, ಮಲ ತೆಳುಬಣ್ಣಕ್ಕೆ ತಿರುಗಿ ಜಿಡ್ಡಾಗಿ ರಾಶಿರಾಶಿ ಆಗುತ್ತಿದ್ದರೆ ಮೇದೋಜೀರಕ ಗ್ರಂಥಿಯ ರಸ ಸಾಲುತ್ತಿಲ್ಲ ಎಂದು ಶಂಕಿಸಬೇಕು. ರಕ್ತಪರೀಕ್ಷೆ ಇದೆ; ಕಿಣ್ವದ ಪುಡಿಯನ್ನು ಜೀವನಪೂರ್ತಿ ಊಟಕ್ಕೆ ಬೆರೆಸಬೇಕಾಗುತ್ತದೆ. ಇನ್ನೊಂದು ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದು. ವಾಂತಿ ಬರುವಂತೆ ಉಮ್ಮಳಿಸುತ್ತದೆ, ಏನೂ ಹೊರಬರುವುದಿಲ್ಲ, ಪಕ್ಕೆ ತಮಟೆಯಂತೆ ಬಿಗಿಯುತ್ತದೆ. ಬೆಳಗಾಗಲಿ ಎಂದು ಕಾದರೆ ನಾಯಿ ಉಳಿಯುವುದಿಲ್ಲ, ಆ ಗಂಟೆಯಲ್ಲೇ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಒಯ್ಯಬೇಕು. ದಿನದ ಊಟವನ್ನು ಎರಡು ಭಾಗ ಮಾಡುವುದು, ಉಂಡ ಮೇಲೆ ಒಂದು ಗಂಟೆ ಓಡಿಸದಿರುವುದು ಮುನ್ನೆಚ್ಚರಿಕೆ.

ಸ್ವಂತ ಮನೆ, ಕಾಂಪೌಂಡು, ಅಪ್ಪ ಅಮ್ಮ ಮಕ್ಕಳೆಲ್ಲ ಇರುವ ಸಂಸಾರಕ್ಕೆ ಇದು ಈಗಲೂ ಮೊದಲ ಸಾಲಿನ ಆಯ್ಕೆ. ಶರತ್ತು ಒಂದೇ: ಮೂರರಿಂದ ಹದಿನಾಲ್ಕು ವಾರದೊಳಗೆ ಅಪರಿಚಿತರು, ಮಕ್ಕಳು, ಹೆಲ್ಮೆಟ್ ಹಾಕಿದವರು, ಛತ್ರಿ ಹಿಡಿದವರು ಎಲ್ಲರನ್ನೂ ಕಂಡಿರಬೇಕು. ಲಸಿಕೆ ಪೂರ್ತಿಯಾಗಿಲ್ಲ ಎಂದು ಒಳಗೇ ಮುಚ್ಚಿಡಬೇಡಿ, ನೆಲಕ್ಕಿಳಿಸದೆ ತೋಳಲ್ಲೆತ್ತಿಕೊಂಡು ಬೀದಿ ತೋರಿಸಿ.

ರಫ್ ಕಾಲಿ, ಶೆಲ್ಟಿ, ಕಾರ್ಗಿ

ರಫ್ ಕಾಲಿ 20ರಿಂದ 30 ಕೆ.ಜಿ.ಯ, ಮಕ್ಕಳೊಡನೆ ತುಂಬ ತಾಳ್ಮೆಯ ನಾಯಿ. ಗದರಿದರೆ ಮೂಲೆ ಸೇರುವಷ್ಟು ಮೃದು. ಸ್ವಭಾವಕ್ಕೆ ಮಾತ್ರ ಅಂಕ ಕೊಡುವುದಾದರೆ ಇಲ್ಲಿ ಇದೇ ಮೊದಲು. ಆದರೆ ಆ ಕೂದಲು ಕರಾವಳಿಗೂ ಬಯಲುಸೀಮೆಗೂ ಆಗುವುದಿಲ್ಲ, ವಾರಕ್ಕೆ ಎರಡು ಸಲ ಅರ್ಧ ಗಂಟೆ ಬಾಚದಿದ್ದರೆ ಕಿವಿಯ ಹಿಂದೆ, ತೊಡೆಸಂದಿಯಲ್ಲಿ ಗಂಟುಗಟ್ಟಿ ಅದರಡಿ ಉಣ್ಣಿ ಸಂಸಾರ ಹೂಡುತ್ತದೆ.

ಶೆಟ್ಲೆಂಡ್ ದ್ವೀಪಗಳ ಶೆಲ್ಟಿ ನೋಡಲು ಅದರದೇ ಪುಟ್ಟ ರೂಪ, 33ರಿಂದ 40 ಸೆಂ.ಮೀ. ಎತ್ತರ. ಕುರಿಗಳನ್ನು ಸಣ್ಣ ಹಿಡುವಳಿಯ ಬೆಳೆಯಿಂದ ಬೊಗಳಿ ಬೊಗಳಿಯೇ ಓಡಿಸುತ್ತಿದ್ದ ನಾಯಿ. ಎರಡು ಕೋಣೆಯ ಫ್ಲಾಟಿಗೆ ಗಾತ್ರ ಸರಿ, ಓಡಾಟದ ಬೇಡಿಕೆ ದಿನಕ್ಕೆ ಮುಕ್ಕಾಲು ಗಂಟೆ. ಗಂಟಲು ಮಾತ್ರ ಎದುರು ಬ್ಲಾಕಿಗೂ ಕೇಳುವಂಥದ್ದು. ಕಾಲಿಂಗ್ ಬೆಲ್, ಕುಕ್ಕರ್ ಸೀಟಿ, ಲಿಫ್ಟಿನ ಬಾಗಿಲು, ಎಲ್ಲಕ್ಕೂ ವರದಿ. ಬೊಗಳುವುದನ್ನು ನಿಲ್ಲಿಸಲಾಗದು, 'ಸಾಕು' ಎಂದಾಗ ಬಂದು ತಿಂಡಿ ತೆಗೆದುಕೊಳ್ಳುವಂತೆ ಕಲಿಸಿ ಮೂರು ಬೊಗಳಿಗೆ ಇಳಿಸಬಹುದು. ಗೋಡೆಯಾಚೆ ಮಲಗುವ ಕೂಸೋ ರಾತ್ರಿ ಪಾಳಿಯವರೋ ಇದ್ದರೆ ಬೇಡ.

ವೇಲ್ಸ್‌ನ ಪೆಂಬ್ರೋಕ್ ಕಾರ್ಗಿ ದನ ಅಟ್ಟಿದ್ದು. ಎತ್ತರ ಒಂದಡಿ ದಾಟದು, ದನ ಒದ್ದರೆ ಕಾಲು ತಲೆಯ ಮೇಲಿಂದ ಹಾದುಹೋಗಲಿ ಎಂದೇ. ಮಕ್ಕಳು ಓಡಿದರೆ ಹಿಮ್ಮಡಿಗೆ ಬಾಯಿ ಹಾಕುವುದು ಅದೇ ಕಸುಬು, ಸಿಟ್ಟಲ್ಲ. ಐದರೊಳಗಿನ ಮಕ್ಕಳಿಗೆ ಅದು ಅರ್ಥವಾಗುವುದೂ ಇಲ್ಲ, ಹಾಗಾಗಿ ಅಂಥ ಮನೆಗೆ ಶಿಫಾರಸು ಮಾಡುವುದು ಕಷ್ಟ. ಉದ್ದ ಬೆನ್ನಿನ ಡಿಸ್ಕ್ ಜಾರುತ್ತದೆ: ಸೋಫಾದಿಂದ ಜಿಗಿತ ಬೇಡ, ಮೆಟ್ಟಿಲು ಕಡಿಮೆ, ಎತ್ತುವಾಗ ಎದೆಗೂ ಸೊಂಟಕ್ಕೂ ಒಟ್ಟಿಗೆ ಕೈ. ಹನ್ನೆರಡು ಕೆ.ಜಿ.ಯ ಕಾರ್ಗಿಗೆ ಎರಡು ಕೆ.ಜಿ. ಕೂಡಿದರೂ ಬೆನ್ನಿಗೆ ಅದು ಮೂಟೆ. ಪಕ್ಕೆಯ ಮೇಲೆ ಬೆರಳಾಡಿಸಿದರೆ ಎಲುಬು ಸಿಗಬೇಕು. ಕೂದಲು ಚಿಕ್ಕದು, ಉದುರುವುದು ಚಿಕ್ಕದಲ್ಲ.

ಉಳಿದೆರಡಕ್ಕೆ ಉದ್ದ ಮಾತು ಬೇಡ. ಆಸ್ಟ್ರೇಲಿಯನ್ ಶೆಫರ್ಡ್ ಹೆಸರಿಗಷ್ಟೇ ಆಸ್ಟ್ರೇಲಿಯದ್ದು, ಬೆಳೆದದ್ದು ಅಮೆರಿಕದಲ್ಲಿ. ಬೇಡಿಕೆಯಲ್ಲಿ ಬಾರ್ಡರ್ ಕಾಲಿಗೆ ಸಮ. ಬೆಲ್ಜಿಯನ್ ಮ್ಯಾಲಿನಾಯ್ ಬೆಂಗಳೂರಿನ ಹೊರವಲಯದ ತರಳುವಿನ ಸಿಆರ್‌ಪಿಎಫ್ ಶ್ವಾನ ಕೇಂದ್ರದಲ್ಲಿ ತರಬೇತಾಗುವ ನಾಯಿ. ಅದಕ್ಕೆಂದೇ ನೇಮಿಸಿದ ಮನುಷ್ಯ ಇಡೀ ದಿನ ಜೊತೆಗಿರುವಲ್ಲಿ ಅದು ರತ್ನ. ಸಂಗಾತಿಯಾಗಿ ಮೊದಲ ನಾಯಿ ಮ್ಯಾಲಿನಾಯ್ ಆಗಕೂಡದು.

ಇಂಜೆಕ್ಷನ್ ಹಾಕಿಸುವ ಮುಂಚೆ

ಕೆಲವು ಔಷಧಗಳು ಮಿದುಳಿನೊಳಗೆ ಸೇರದಂತೆ ತಡೆಯುವ ಬಾಗಿಲು ಕಾಯುವ ಜೀನೊಂದಿದೆ, ಎಂಡಿಆರ್1. ಅದರ ದೋಷ ರಫ್ ಕಾಲಿಗಳಲ್ಲಿ ಹತ್ತರಲ್ಲಿ ಏಳರಷ್ಟು, ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲಿ ಸುಮಾರು ಅರ್ಧ. ಶೆಲ್ಟಿಯಲ್ಲಿ, ಜರ್ಮನ್ ಶೆಫರ್ಡ್‌ನಲ್ಲಿ ಕಡಿಮೆ, ಬಾರ್ಡರ್ ಕಾಲಿಯಲ್ಲಿ ಅಪರೂಪ. ನಮ್ಮಲ್ಲಿ ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ, ಏಕೆಂದರೆ ಕಜ್ಜಿಗೂ ಉಣ್ಣಿಗೂ ಐವರ್‌ಮೆಕ್ಟಿನ್ ಚುಚ್ಚುವುದು ಊರೂರಿನ ರೂಢಿ. ಹಳ್ಳಿಗಳಲ್ಲಿ ದನಕ್ಕೆ ತಂದ ಸೀಸೆಯಿಂದಲೇ ಸಿರಿಂಜಿಗೆ ಎಳೆಯುತ್ತಾರೆ. ಆ ಸೀಸೆಯ ಶೇ 1ರ ದ್ರಾವಣದಲ್ಲಿ ಒಂದು ಮಿ.ಲೀ.ಗೆ 10 ಮಿ.ಗ್ರಾಂ. ಔಷಧ. ಹತ್ತು ಕೆ.ಜಿ. ಶೆಲ್ಟಿಗೆ ಅರ್ಧ ಮಿ.ಲೀ. ಹೋದರೆ ಕೆ.ಜಿ.ಗೆ 500 ಮೈಕ್ರೊಗ್ರಾಂ ಆಯಿತು. ದೋಷವಿರುವ ನಾಯಿಗೆ 100 ದಾಟಿದರೇ ಅಪಾಯ.

ಕೆಲವು ಗಂಟೆಯಲ್ಲಿ ಜೊಲ್ಲು ಸುರಿಯುತ್ತದೆ, ಹಿಂಗಾಲು ಕುಡಿದವನ ಹಾಗೆ ಅಡ್ಡಾಡುತ್ತದೆ, ಕಣ್ಣಿನ ಪಾಪೆ ಅಗಲವಾಗಿ ದೃಷ್ಟಿ ಹೋಗುತ್ತದೆ, ಆಮೇಲೆ ಪ್ರಜ್ಞೆ. ಇದಕ್ಕೆಂದೇ ಮಾಡಿದ ಪ್ರತಿಮದ್ದಿಲ್ಲ. ದಿನಗಟ್ಟಲೆ ಆಸ್ಪತ್ರೆಯಲ್ಲಿ ಉಸಿರು ಕಾಯಬೇಕು. ಮನುಷ್ಯರ ಭೇದಿಗೆ ಕೊಡುವ ಲೋಪೆರಮೈಡ್ ಮಾತ್ರೆಯೂ ಇದೇ ಪಟ್ಟಿಯಲ್ಲಿದೆ. ಮರಿ ಬಂದ ವಾರವೇ ಕೆನ್ನೆಯ ಒಳಗಿನ ಉಜ್ಜು ಮಾದರಿ ಕೊಟ್ಟು ಜೀನ್ ಪರೀಕ್ಷೆ ಮಾಡಿಸಿ; ಫಲಿತಾಂಶ ಬರುವವರೆಗೆ ಆಸ್ಪತ್ರೆಯ ಪುಸ್ತಕದ ರಟ್ಟಿನ ಮೇಲೆ ಕೆಂಪಕ್ಷರದಲ್ಲಿ 'ಐವರ್‌ಮೆಕ್ಟಿನ್ ಬೇಡ' ಎಂದು ಬರೆದಿಡಿ. ಉಣ್ಣಿಗೆ ಫ್ಲುರಲಾನರ್ ಮಾತ್ರೆ ಈ ದೋಷವಿರುವ ನಾಯಿಗಳಿಗೂ ಆಗುತ್ತದೆ, ಫಿಟ್ಸ್ ಇಲ್ಲದಿದ್ದರೆ.

ಲೆಕ್ಕ, ಹುಡುಕಾಟ

ಮರಿಯ ಬೆಲೆ ಒಮ್ಮೆ, ಊಟ ದಿನಾ. ಸಿದ್ಧ ಆಹಾರದ ಲೆಕ್ಕದಲ್ಲಿ ಎಂಟು ಕೆ.ಜಿ. ಶೆಲ್ಟಿಗೆ ತಿಂಗಳಿಗೆ ಸುಮಾರು 4 ಕೆ.ಜಿ., ಹದಿನೆಂಟರ ಬಾರ್ಡರ್ ಕಾಲಿಗೆ 8, ಮೂವತ್ತೆರಡರ ಜರ್ಮನ್ ಶೆಫರ್ಡ್‌ಗೆ 12. ನಿಮ್ಮೂರಿನ ಅಂಗಡಿಯ ದರದಿಂದ ಗುಣಿಸಿ ನೋಡಿ. ಉಣ್ಣಿ ಮಾತ್ರೆ, ಜಂತುಹುಳದ ಮಾತ್ರೆ, ಅರಿವಳಿಕೆ ಎಲ್ಲವೂ ತೂಕದ ಮೇಲೆಯೇ. ಬಿಗಿ ಬಜೆಟ್ಟಿನವರಿಗೆ ಶೆಲ್ಟಿ ಅಗ್ಗ ಎನಿಸಬಹುದು, ಬಾಚುವ ಕೆಲಸ ನೀವೇ ಮಾಡುವುದಾದರೆ ಮಾತ್ರ. ಸಮಯ, ಹವೆ, ಸದ್ದು ಮೂರಕ್ಕೂ ನಿಮ್ಮ ಉತ್ತರ ಹಿಂಜರಿಕೆಯದ್ದಾಗಿದ್ದರೆ ಬೀದಿಯ ನಾಟಿ ಮರಿಯೊಂದನ್ನು ತನ್ನಿ. ಚಿಕ್ಕ ಕೂದಲು, ಈ ಬಿಸಿಲಿಗೇ ಹುಟ್ಟಿದ ಮೈ, ದಿನಕ್ಕೆ ಎರಡು ಸುತ್ತು ಸಾಕು.

ಕೊಳ್ಳುವುದೇ ಆದರೆ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳ ಪ್ರಕಾರ ತಳಿಗಾರರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ತಾಯಿಯನ್ನು ನೋಡದೆ ಮುಂಗಡ ಕೊಡಬೇಡಿ. ರಸ್ತೆಬದಿಯಲ್ಲಿ ಬುಟ್ಟಿ ತಂದು ಕೊಡುತ್ತೇವೆ ಎನ್ನುವವರ ಬಳಿ ತಾಯಿ ಇರುವುದಿಲ್ಲ. ಕಾಲಿ, ಶೆಲ್ಟಿ ಮರಿಗಳ ಕಣ್ಣಿನ ಹಿಂಪದರದ ದೋಷ ಆರರಿಂದ ಎಂಟು ವಾರದೊಳಗೆ ಚೆನ್ನಾಗಿ ಕಾಣುತ್ತದೆ, ಆಮೇಲೆ ಬಣ್ಣ ತುಂಬಿ ಮರೆಯಾಗುತ್ತದೆ. ಆ ಪರೀಕ್ಷೆ ಮಾಡಿಸಿದ್ದಾರೆಯೇ ಕೇಳಿ. ಬೂದಿಬಣ್ಣದ ಮೇಲೆ ಕಪ್ಪು ಚೆಲ್ಲಿದಂಥ ಮರ್ಲ್ ಮೈಬಣ್ಣಕ್ಕೆ ಹೆಚ್ಚು ಬೆಲೆ ಹೇಳುತ್ತಾರೆ. ತಂದೆತಾಯಿ ಎರಡೂ ಮರ್ಲ್ ಆಗಿದ್ದರೆ ಸರಾಸರಿ ನಾಲ್ಕರಲ್ಲೊಂದು ಮರಿ ಎರಡೂ ಕಡೆಯಿಂದ ಆ ಜೀನು ಪಡೆದು, ಬಹುಪಾಲು ಬೆಳ್ಳಗೆ, ಕಿವುಡಾಗಿಯೋ ಕುರುಡಾಗಿಯೋ ಹುಟ್ಟುವ ಸಂಭವ ಹೆಚ್ಚು.

ಮರಿಯೇ ಬೇಕೆಂಬ ಹಟವಿಲ್ಲದವರು ಎಂಟರಿಂದ ಹದಿನೆಂಟು ತಿಂಗಳ ನಾಯಿಗಳನ್ನೂ ನೋಡಿ. ಮೊದಲ ಮನೆಯವರು ಕೈಚೆಲ್ಲುವುದು ಆ ವಯಸ್ಸಿನಲ್ಲೇ. ನೋಡಲು ಹೋದಾಗ ಹಜಾರದಲ್ಲಿ ಮುದ್ದಿಸಿ ತೀರ್ಮಾನಿಸಬೇಡಿ. ಗಟ್ಟಿ ಬೆಲ್ಟು ಹಾಕಿ ಬೀದಿಗೆ ಕರೆದೊಯ್ದು ಬೈಕುಗಳು ಓಡಾಡುವ ಕಡೆ ಐದು ಮಾರು ದೂರ ನಿಲ್ಲಿ. ಮೊದಲ ಬೈಕಿಗೆ ಮೈ ಬಿಗಿದು ದಿಟ್ಟಿಸಿದರೆ ಪರವಾಗಿಲ್ಲ, ಎಲ್ಲವೂ ದಿಟ್ಟಿಸುತ್ತವೆ. ಹೆಸರು ಕರೆದು, ಮುಷ್ಟಿಯಲ್ಲಿ ಬೇಯಿಸಿದ ಕೋಳಿ ಚೂರು ಹಿಡಿದು ಐದರವರೆಗೆ ಎಣಿಸಿ. ಅಷ್ಟರೊಳಗೆ ನಿಮ್ಮತ್ತ ತಿರುಗಿದರೆ ಅದರ ಜೊತೆ ಕೆಲಸ ಮಾಡಬಹುದು. ಹತ್ತನೇ ಬೈಕಿಗೂ ಮೂಗಿನ ಮುಂದಿನ ಕೋಳಿ ಕಾಣದಿದ್ದರೆ, ದಿನಕ್ಕೆರಡು ಗಂಟೆ ಆರು ತಿಂಗಳು ಕೊಡಬಲ್ಲವರಿಗೆ ಅದನ್ನು ಬಿಟ್ಟುಕೊಡಿ.